ಸೇಡಂನ ಹಿಟ್ಟು

ಐದನೆಯ ರೊಟ್ಟಿ ಅರ್ಧ ಬಡಿದಾಗಿತ್ತು, ಗೋಡೆಯ ಮೇಲಿನ ಇಂಟರ್‌ಕಾಮ್ ಬಡಕೊಂಡಿತು. ಗಂಗಾ ಕೈ ನಿಲ್ಲಿಸಿದಳು. ಅವಳ ಚಿಕ್ಕಮ್ಮನ ಮಗಳು ರಶ್ಮಿ ಹಲ್ಲುಜ್ಜುತ್ತಿದ್ದವಳು ಹಾಗೇ ಓಡಿಬಂದು ರಿಸೀವರ್ ಎತ್ತಿದಳು. ತೆಲುಗಿನಲ್ಲಿ ಎರಡು ಸಲ "ಸರೇ, ಸರೇ" ಅಂದಳು. ಮೂರನೆಯ ಸಲ ಅನ್ನುವಾಗ ಅಡುಗೆಮನೆಗೆ ಬೆನ್ನು ತಿರುಗಿಸಿದಳು.

"ಏನಂತವ್ವ?" ಗಂಗಾ ಕೇಳಿದಳು.

"ಏನಿಲ್ಲಕ್ಕ, ವಾಚ್‌ಮನ್. ಕೆಳಗಿನ ಮನ್ಯಾಗ ಕೂಸು ಹುಟ್ಟೇತಿ. ಮ್ಯಾಲಿಂದ ದಿನಾ ಮುಂಜಾನೆ ಧಪಧಪ ಕೇಳಸ್ತೈತಂತ, ಕೂಸು ಎದ್ದು ಅಳತೈತಂತ."

ಗಂಗಾ ಕಟ್ಟೆಯ ಮೇಲಿನ ರೊಟ್ಟಿಯನ್ನು ನೋಡಿದಳು. ಸಪ್ಪಳವಾಗದಂತೆ ಬೆರಳ ತುದಿಯಿಂದ ಒತ್ತಿ ಒತ್ತಿ ಅಗಲ ಮಾಡಲು ಹೋದಳು. ಅಂಚು ಸೀಳಿತು.

ಪ್ರತಿವರ್ಷ ಮೇ ತಿಂಗಳಲ್ಲಿ ಗಂಗಾ ಮಗಳು ಶೀತಲಳನ್ನು ಕರೆದುಕೊಂಡು ಸೇಡಂನಿಂದ ಮಣಿಕೊಂಡದ ಈ ಮನೆಗೆ ಬರುತ್ತಿದ್ದಳು. ಹತ್ತು ದಿನ. ಆ ಹತ್ತು ದಿನ ರಶ್ಮಿ ಅವಳಿಗೆ ಪರ್ಸು ತೆಗೆಯಲು ಬಿಡುತ್ತಿರಲಿಲ್ಲ. ಗೋಲ್ಕೊಂಡಾ ಕೋಟೆ, ಝೂ, ಟ್ಯಾಂಕ್‌ಬಂಡಿನ ದೋಣಿ, ಅಬಿಡ್ಸಿನಲ್ಲಿ ಹುಡುಗಿಗೊಂದು ಜೊತೆ ಚಪ್ಪಲಿ, ಎಲ್ಲದಕ್ಕೂ ಅವಳದೇ ಕೈ ಮುಂದೆ. ಗಂಗಾ ತನ್ನ ಪಾಲಿಗೆ ಒಂದು ಚೀಲ ಜೋಳದ ಹಿಟ್ಟು ರೈಲಿನಲ್ಲಿ ಹೊತ್ತು ತರುತ್ತಿದ್ದಳು. ದಿನಾ ಮುಂಜಾನೆ ಬಡಿದು, ಬೇಯಿಸಿ, ಖಡಕ್ಕಾಗಿ ಒಣಗಿಸಿ, ಬಿಳಿ ಬಟ್ಟೆಯಲ್ಲಿ ಕಟ್ಟಿಟ್ಟು ಹೋದರೆ ದಸರೆಯವರೆಗೆ ಈ ಮನೆಗೆ ರೊಟ್ಟಿಯ ಚಿಂತೆ ಇಲ್ಲ. ಅದಕ್ಕೂ ಇದಕ್ಕೂ ಸಂಬಂಧವಿದೆ ಎಂದು ಯಾರೂ ಯಾವತ್ತೂ ಆಡಿದವರಲ್ಲ. ಗಂಗಾಳ ಗಂಡ ಕಲ್ಲೇಶ ಮಾತ್ರ ಏಪ್ರಿಲ್ ಮುಗಿಯುತ್ತಲೇ ಅದೇ ಮಾತು ಕೇಳುತ್ತಿದ್ದ: "ಹಿಟ್ಟು ಬೀಸಿಸಿದ್ಯಾ? ಹಂಗಾರ ಟಿಕೀಟು ತಗಸ್ತೀನಿ."

"ಬಿಡಕ್ಕ ಅದನ್ನ," ರಶ್ಮಿ ಬಾಯಿ ತೊಳೆದು ಬಂದು ಗ್ಯಾಸ್ ಸಣ್ಣ ಮಾಡಿದಳು. "ನಿನಗ ಹೇಳಬೇಕಂತಲೇ ಇದ್ದೆ. ಹುಮನಾಬಾದಿನಾಕಿ ಒಬ್ಬಾಕಿ ಹಿಂದಿನ ಗಲ್ಲ್ಯಾಗ ಮನಿ ಮಾಡ್ಯಾಳ. ವಾರಕ್ಕೊಮ್ಮೆ ಬಾಗಲಿಗೇ ರೊಟ್ಟಿ ತಂದ್ ಕೊಡ್ತಾಳ."

ಮೇಲಿನ ಕಪಾಟಿನಿಂದ ಡಬ್ಬಿ ಇಳಿಸಿ ಒಂದು ರೊಟ್ಟಿ ಅವಳ ಕೈಗಿಟ್ಟಳು. ಗಂಗಾ ಬೆಳಕಿಗೆ ಹಿಡಿದು ನೋಡಿದಳು. ಹಾಳೆಯಂತೆ ತೆಳ್ಳಗಿತ್ತು, ಎಲ್ಲೂ ಸುಟ್ಟಿರಲಿಲ್ಲ. ತುದಿ ಮುರಿದು ಬಾಯಿಗೆ ಹಾಕಿಕೊಂಡಳು.

"ಚಲೋ ಅದಾವ," ಅಂದಳು. ಸುಳ್ಳಲ್ಲ.

"ನಿನ್ನಷ್ಟಲ್ಲ ಬಿಡು."

"ನನಕಿಂತ ಕೈ ಚಲೋ ಐತಿ ಆಕೀದು."

ರಶ್ಮಿ ನಕ್ಕು ಅಕ್ಕನ ಹೆಗಲು ಹಿಡಿದು ಹೊರಗೆ ಕರೆತಂದಳು. "ಪ್ರತಿ ವರ್ಷ ಇಲ್ಲಿಗೆ ಬಂದು ಒಲಿ ಮುಂದ ನಿಂದರ್ತಿ. ನನಗ ನಾಚಿಕಿ ಆಗತೈತಿ. ಈ ಸಲ ಆರಾಮ ಕೂಡು. ನಾ ಚಾ ಮಾಡ್ತೀನಿ, ನೀ ಕೂತು ಕುಡಿ."

ಗಂಗಾ ಸೋಫಾದ ಅಂಚಿನಲ್ಲಿ ಕೂತಳು. ಎರಡೂ ಕೈಗೆ ಹಿಟ್ಟು ಮೆತ್ತಿತ್ತು. ಸೋಫಾಕ್ಕೆ ತಾಗೀತೆಂದು ಅಂಗೈ ಮೇಲೆ ಮಾಡಿ ತೊಡೆಯ ಮೇಲಿಟ್ಟುಕೊಂಡಳು. ಎದ್ದು ಹೋಗಿ ತೊಳೆದುಕೊಳ್ಳಬಹುದಿತ್ತು. ತೊಳೆಯಲಿಲ್ಲ.

ಬಾಲ್ಕನಿಯಲ್ಲಿ ಶೀತಲ ಹಳೆಯ ಪಂಚೆ ಹಾಸಿ, ಆಗಿದ್ದ ನಾಲ್ಕು ರೊಟ್ಟಿಯನ್ನು ಒಣಗಲು ಹರಡಿ, ಐದನೆಯದಕ್ಕೆ ಕಾಯುತ್ತ ನಿಂತಿದ್ದಳು. ರೊಟ್ಟಿ ಒಣಹಾಕುವುದು ಪ್ರತಿವರ್ಷ ಅವಳದೇ ಕೆಲಸ. ಅಲ್ಲಿಂದ ಕೆಳಗೆ ಅಪಾರ್ಟ್‌ಮೆಂಟಿನ ಈಜುಕೊಳ ಕಾಣುತ್ತಿತ್ತು. ಅದರ ಗೋಡೆಗೊಂದು ಕೆಂಪು ಗೆರೆ ಎಳೆದಿದ್ದರು. ಆ ಗೆರೆ ಮುಟ್ಟುವಷ್ಟು ಎತ್ತರವಿಲ್ಲದ ಮಕ್ಕಳು ನೀರಿಗಿಳಿಯುವಂತಿಲ್ಲ. ಶೀತಲ ನಾಲ್ಕು ಬೆರಳು ಗಿಡ್ಡವಾಗಿದ್ದಳು. "ಮುಂದಿನ ವರ್ಷ ಮುಟ್ಟತಿ, ನಾನೇ ಇಳಸ್ತೀನಿ," ಎಂದು ರಶ್ಮಿ ನಿನ್ನೆಯಷ್ಟೇ ಮಾತು ಕೊಟ್ಟಿದ್ದಳು.

ಐದನೆಯ ರೊಟ್ಟಿ ಬರಲಿಲ್ಲ. ಶೀತಲ ಒಳಗೆ ಬಂದಳು. ಅಡುಗೆಮನೆಯ ಮೂಲೆಯಲ್ಲಿ ಚೀಲ ಇನ್ನೂ ಮುಕ್ಕಾಲು ತುಂಬಿತ್ತು. ಕಟ್ಟೆಯ ಮೇಲೆ ಅಂಚು ಸೀಳಿದ ರೊಟ್ಟಿ, ಪಕ್ಕದಲ್ಲಿ ಮುಚ್ಚಳ ತೆಗೆದ ಡಬ್ಬಿ. ಅವಳು ಡಬ್ಬಿಯೊಳಗೆ ಇಣುಕಿದಳು. ಹೊರಗೆ ಬಂದು ಅಮ್ಮನ ಅಂಗೈ ನೋಡಿದಳು.

"ಶೀತು, ಹಾಲು ಕುಡೀತೀಯೇನ?" ರಶ್ಮಿ ಒಳಗಿನಿಂದ ಕೇಳಿದಳು.

ಹುಡುಗಿ ಹೋಗಿ ಅಡುಗೆಮನೆಯ ಬಾಗಿಲಲ್ಲಿ ನಿಂತಳು.

"ಶೀತಲ, ಬಾ ಇಲ್ಲಿ," ಗಂಗಾ ಮೆಲ್ಲಗೆ ಕರೆದಳು.

ಹುಡುಗಿ ತಿರುಗಲಿಲ್ಲ.

"ಮೌಶಿ," ರಶ್ಮಿಗೆ ಅಂದಳು, "ನಮ್ಮ ರೊಟ್ಟಿ ಬ್ಯಾಡಂದ್ರ, ಮುಂದಿನ ವರ್ಷ ನಾವು ಹೆಂಗ ಬರೂದು?"