ಸಿಗದ ನಂಬರಿನ ಮಾಲೀಕ

ಗಾದಿಲಿಂಗ ಸುರೇಖಾಳ ಜಡೆ ಹಿಡಿದು ಹಣೆಯನ್ನು ಮೇಜಿಗೆ ಬಡಿದ. ಕೀಬೋರ್ಡಿನ ಮೇಲೆ ರಕ್ತ ತೊಟ್ಟಿಕ್ಕಿತು.

"ಹೆಸರು ಹೇಳಬೇ! ನನ್ನ ತಮ್ಮನ್ನ ತುಳದ ಗಾಡಿ ಯಾರದು?"

ಬೆಳಿಗ್ಗೆ ಜವಳಗೇರಾದ ಕಾಲುವೆ ದಾರಿಯಲ್ಲಿ ಭತ್ತದ ಟ್ರ್ಯಾಕ್ಟರೊಂದು ಅವನ ತಮ್ಮ ದುರುಗೇಶನ ಮೇಲೆ ಹರಿದು, ನಿಲ್ಲದೆ ಹೋಗಿತ್ತು. ನೋಡಿದವರಿಗೆ ನೆನಪಿದ್ದದ್ದು ಟ್ರೇಲರಿನ ಹಿಂದೆ ಹಳದಿ ಬಣ್ಣದಲ್ಲಿ ಬರೆದ ಟ್ರ್ಯಾಕ್ಟರ್ ಮಾಲೀಕರ ಸಂಘದ ನಂಬರು. ಸುಗ್ಗಿಯಲ್ಲಿ ಸರ್ಕಾರದ ನಂಬರನ್ನು ಇಲ್ಲಿ ಯಾರೂ ನೋಡುವುದಿಲ್ಲ. ಸಂಘದ ನಂಬರಿದ್ದರೆ ಬಾಡಿಗೆ ಸಿಗುತ್ತದೆ; ಅದಕ್ಕೇ ಸುಳ್ಳು ನಂಬರು ಬರೆಸಿಕೊಳ್ಳುವವರೂ ಇದ್ದಾರೆ. ಯಾವ ನಂಬರು ಯಾರದೆಂಬ ಫೈಲು ಇರುವುದು ಸಿಂಧನೂರಿನ ಈ ಕಚೇರಿಯಲ್ಲಿ, ಸುರೇಖಾಳ ಕಂಪ್ಯೂಟರಿನಲ್ಲಿ.

ಅವಳು ನಂಬರು ಒತ್ತಿದಳು. ಪರದೆಯ ತುಂಬ ಕೆಂಪು ಅಕ್ಷರ ಬಂದು ಪ್ರೋಗ್ರಾಂ ನಿಂತುಹೋಯಿತು.

ಗಾದಿಲಿಂಗ ಕೊಡಲಿ ಎತ್ತಿ ಪ್ರಿಂಟರನ್ನು ಸೀಳಿದ. ಬಾಗಿಲಲ್ಲಿ ನಿಂತಿದ್ದ ಅವನ ಇಬ್ಬರು ಭಾವಂದಿರು ಒಳಗೆ ಬಂದರು.

"ನಾಟಕ ಮಾಡತೀಯೇನು?"

"ತಡೀರಿ ಅಣ್ಣಾ. ಈ ಪ್ರೋಗ್ರಾಂ ನಾನ ಬರದದ್ದು. ನಂಬರ್ ಸಿಕ್ಕ ಮ್ಯಾಲ ಹೆಸರು ತುಂಬ್ಕೋತೈತಿ. ಹೆಸರಿನ ಜಾಗ ಖಾಲಿ ಇದ್ದಾಗ ತೋರಸಂದ್ರ ಹಿಂಗ ನಿಂತಬಿಡತೈತಿ. ಹುಡುಕೋದಕ್ಕಿಂತ ಮೊದಲ ಆ ಜಾಗದಾಗ ಏನರ ಒಂದು ತುಂಬಿಟ್ರ ಸರಿ ಹೋಕೈತಿ."

"ತುಂಬು ಹಂಗಾದ್ರ. ಇಲ್ಲಾಂದ್ರ ತಮ್ಮನ ಬಾಜೂಕ ನಿನ್ನೂ ಮಲಗಸ್ತೀನಿ."

ಕಣ್ಣಿಗಿಳಿದ ರಕ್ತವನ್ನು ಸುರೇಖಾ ಸೆರಗಿನಿಂದ ಒರೆಸಿಕೊಂಡಳು. ಅಳಲಿಲ್ಲ. ಏಟು ತಿನ್ನುವುದು ಗೊತ್ತಿದ್ದವಳ ಹಾಗೆ ಬೆನ್ನು ಬಾಗಿಸಿ ಕುಳಿತು, ಒಂದು ಸಾಲು ಸೇರಿಸಿದಳು. ಪ್ರೋಗ್ರಾಂ ಮತ್ತೆ ಓಡಿತು. ಈ ಸಲ ನಿಲ್ಲಲಿಲ್ಲ. ಅವಳು ಪರದೆಯನ್ನು ಅವನ ಕಡೆ ತಿರುಗಿಸಿದಳು.

ಆದಪ್ಪ, ಹಳೇ ಸಂತೆಬೀದಿ, ಮಸ್ಕಿ.

"ಎಂಥಾಂವ ಇಂವ?"

"ಕುಡದಾಗ ಯಾರನ್ನ ತುಳಿಯಾಕತ್ತೀನಿ ಅಂತ ಖಬರ್ ಇರಂಗಿಲ್ರಿ ಅವಗ."

"ಸುಳ್ಳಾದ್ರ ತಿರುಗಿ ಬರ್ತೀನಿ, ನೆನಪಿಟ್ಕೋ."

"ಅವನ ವಿಷಯದಾಗ ನಾ ಯಾಕ ಸುಳ್ಳು ಹೇಳ್ಲಿ ಅಣ್ಣಾ."

ಜೀಪು ಧೂಳೆಬ್ಬಿಸಿ ಹೋಯಿತು.

ಮಸ್ಕಿಯಲ್ಲಿ ಬಾಗಿಲು ಒಂದೇ ಒದೆತಕ್ಕೆ ಮುರಿಯಿತು. ಹಾಸಿಗೆಯಲ್ಲಿ ಅಮಲಿನಲ್ಲಿದ್ದವನನ್ನು ಕಾಲು ಹಿಡಿದು ಬೀದಿಗೆ ಎಳೆದರು. "ಟ್ರ್ಯಾಕ್ಟರ್ ಎಲ್ಲೈತಲೇ ನನ್ನ ಹತ್ರ!" ಎಂದು ಆದಪ್ಪ ಚೀರಿದ. ಮೊದಲ ಏಟು ಬಾಯಿಗೇ ಬಿತ್ತು. ಆಮೇಲೆ ಕೊಡಲಿ ಎದ್ದು ಬಿದ್ದದ್ದನ್ನು ಬೀದಿಯ ಮಂದಿ ಬಾಗಿಲ ಸಂದಿಯಿಂದ ನೋಡಿದರು. ಬಿಡಿಸಲು ಒಬ್ಬರೂ ಹೊರಗೆ ಬರಲಿಲ್ಲ.

ಸಂಘದ ಕಚೇರಿಗೆ ಕೊಲೆಯ ಸುದ್ದಿ ಮುಟ್ಟಿದಾಗ ಸುರೇಖಾ ಹಣೆಯ ಪಟ್ಟಿ ಬದಲಿಸಿಕೊಳ್ಳುತ್ತಿದ್ದಳು. ತಾನು ಸೇರಿಸಿದ್ದ ಸಾಲಿನಿಂದ ಆದಪ್ಪನ ಹೆಸರು, ವಿಳಾಸ ಅಳಿಸಿ, ಆ ಜಾಗದಲ್ಲಿ 'ಸಿಗಲಿಲ್ಲ' ಎಂದು ಬರೆದಳು. ಅದೇ ನಂಬರು ಮತ್ತೆ ಒತ್ತಿದಳು.

ಸಿಗಲಿಲ್ಲ, ಎಂದಿತು ಪರದೆ. ಆ ನಂಬರು ಫೈಲಿನಲ್ಲಿ ಮೊದಲಿನಿಂದಲೂ ಇರಲಿಲ್ಲ.

ಅವಳು ಲಿಂಗಸುಗೂರಿಗೆ, ಅಜ್ಜಿಯ ಮನೆಯಲ್ಲಿ ಅಡಗಿದ್ದ ಮಗಳಿಗೆ ಫೋನ್ ಮಾಡಿದಳು.

"ದೀಪಿಕಾ, ಇನ್ನ ಮಸ್ಕಿ ಮನಿಗೆ ಬಂದುಬಿಡು ನನ್ನವ್ವ. ನಿಮ್ಮಪ್ಪ ಮತ್ತ ಕೈ ಎತ್ತಂಗಿಲ್ಲ."