ಬೇಸ್‌ಮೆಂಟಿನ ತಕ್ಕಡಿ

ಹಯವದನರು ಆ ಹಿತ್ತಾಳೆಯ ಕೊಳವೆಯನ್ನು ಮೂಗಿನ ಹತ್ತಿರ ಹಿಡಿದು ಮೂಸಿದರು. ಹುಳಿ ವಾಸನೆ. ಅದು ಬಂದೂಕಿನ ಗುಂಡಿನ ಖಾಲಿ ಕೋಶ ಎಂದು ಹೊಳೆದದ್ದು ಆಮೇಲೆ. ತಟ್ಟನೆ ಎಸೆದು ಪಂಚೆಗೆ ಕೈ ಒರೆಸಿಕೊಂಡರು.

"ಥೂ!"

ಅದು ಅವರದೇ ಮನೆಯ ಬೇಸ್‌ಮೆಂಟು. ಎರಡು ಸಾವಿರದ ಒಂಬತ್ತರ ಚಳಿಗಾಲ. ಅಮೆರಿಕದ ಕ್ಯಾಂಟನ್ನಿನ ಆ ಸಬ್‌ಡಿವಿಷನ್ನಿನಲ್ಲಿ ಎಲ್ಲಿ ನೋಡಿದರೂ 'ಫಾರ್ ಸೇಲ್' ಬೋರ್ಡು. ಮೊಣಕಾಲು ನೋವಿನ ಹಯವದನರು ಕೆಳಗಿಳಿದು ತಿಂಗಳುಗಳೇ ಆಗಿದ್ದವು. ಹೆಂಡತಿ ಅನಸೂಯ ಬಟ್ಟೆ ಒಗೆಯಲು ಇಳಿಯುತ್ತಿದ್ದಳು. ಉಳಿದಂತೆ ಅದು ಬಾಡಿಗೆಗಿದ್ದ ಹುಡುಗ ರಾಜಶೇಖರನ ರಾಜ್ಯ. ಇಂದು ಮನೆ ಬೆಚ್ಚಗಿಡುವ ಫರ್ನೇಸು ಏನೋ ಗೊರಗೊರ ಸದ್ದು ಮಾಡಿತೆಂದು ಗೋಡೆ ಹಿಡಿದು ಇಳಿದರೆ, ಅದರ ಪಕ್ಕದಲ್ಲೇ ಈ ಮೇಜು.

ಮೇಜಿನ ಮೇಲೆ ಹಾಸಿದ್ದು ಅನಸೂಯಳ ಹಳೆಯ ಕಾಟನ್ ಸೀರೆ. ಅದರ ಮೇಲೆ ಸೀಸದ ಗುಂಡುಗಳು, ಸಿಡಿಮದ್ದಿನ ಡಬ್ಬಿ. ತಾಮ್ರದ ಬಟ್ಟಲಲ್ಲಿ ಹುಣಸೆಹಣ್ಣಿನ ನೀರು, ನೀರಿನಲ್ಲಿ ಮುಳುಗಿದ ಕೋಶಗಳು. ದೇವರ ದೀಪ ಬೆಳಗುವ ಹುಣಸೆಹಣ್ಣಿನಲ್ಲಿ ಕಂಡವರ ಪ್ರಾಣ ತೆಗೆಯುವ ಈ ಸಾಮಾನನ್ನು ತೊಳೆದಿದ್ದಾನೆ! ಹಯವದನರು ಪಂಚೆಯ ತುದಿಯಿಂದ ಮೂಗು ಮುಚ್ಚಿಕೊಂಡರು.

ಮಧ್ಯದಲ್ಲಿ ಎರಡು ತಕ್ಕಡಿ. ಒಂದು ಎಲೆಕ್ಟ್ರಾನಿಕ್ಕು, ಪೆಟ್ಟಿಗೆಯೊಳಗೇ ಇತ್ತು. ಇನ್ನೊಂದು ಕಬ್ಬಿಣದ ಪೀಠದ ಹಳೇ ಮಾದರಿಯದು, ಅಡ್ಡದಂಡದ ತುದಿಗೆ ಪುಟ್ಟ ತಟ್ಟೆ.

"ರಾಜಶೇಖರ್!"

ಸ್ನಾನದ ಮನೆಯಿಂದ ರಾಜಶೇಖರ ಓಡಿ ಬಂದ. ಹಾವೇರಿ ಕಡೆಯವನು, ಹಯವದನರು ಹಿಂದೆ ಕೆಲಸ ಮಾಡಿದ್ದ ಕಾರಿನ ಪ್ಲಾಂಟಿನಲ್ಲೇ ಎಂಜಿನಿಯರು. ಅವನಿಗೂ ನೋಟಿಸು ಸಿಕ್ಕಿತ್ತು. ತಿಂಗಳು ಮುಗಿದರೆ ಕೆಲಸವಿಲ್ಲ, ಕೆಲಸವಿಲ್ಲದಿದ್ದರೆ ವೀಸಾ ಇಲ್ಲ. ಸೋಮವಾರ ದೂರದ ಹಾಫ್‌ಮನ್ ಎಸ್ಟೇಟ್ಸ್ ಎಂಬ ಊರಿನಲ್ಲಿ ಇಂಟರ್‌ವ್ಯೂ, ಅದೊಂದೇ ಆಸೆ. ಈ ಚಳಿಯಲ್ಲಿ ಅವನೆಲ್ಲಿಗೆ ಹೋಗ್ತಾನೆ ಎಂದು ಕರೆತಂದು ಇಟ್ಟುಕೊಂಡವಳು ಅನಸೂಯ.

"ಯಾರದಯ್ಯಾ ಇದು?"

ರಾಜಶೇಖರ ಮೇಜು ನೋಡಿದ, ಮೆಟ್ಟಿಲು ನೋಡಿದ. "ತಕ್ಕಡಿ ನಾ ತಂದದ್ದು ರೀ ಅಂಕಲ್. ಉಳಿದದ್ದು ಕೇಳಬ್ಯಾಡ್ರಿ."

"ಎರಡೆರಡು ಯಾಕೆ?" ಜೀವನವಿಡೀ ಅಳತೆಯ ಸಲಕರಣೆ ಪರೀಕ್ಷಿಸಿದ ಮನುಷ್ಯನಿಗೆ ಇಂಥ ಹೇಸಿಗೆಯಲ್ಲೂ ಕೇಳದೆ ಇರಲಾಗಲಿಲ್ಲ.

"ಮೊದಲ ಎಲೆಕ್ಟ್ರಾನಿಕ್ ತಂದಿದ್ವಿ. ಫರ್ನೇಸ್ ಗಾಳಿ ಬಂದ್ರ ಸಾಕು, ನಂಬರ್ ಕುಣೀತಾವ್ರಿ. ಖಾಲಿ ಕೋಶಕ್ಕ ಮತ್ತ ತುಂಬೂ ಮದ್ದು ಒಂದು ಕಾಳು ಹೆಚ್ಚಾದ್ರ ಬಂದೂಕ ಸಿಡಿದು ಕೈ ಹೋಗತೈತಿ. ಇದಕ್ಕ ಬ್ಯಾಟರಿ ಬ್ಯಾಡ. ತಟ್ಟಿ ನಿಲ್ಲೂತನ ಕಾಯೂ ತಾಳ್ಮಿ ಬೇಕು, ಅಷ್ಟ."

ತೋರಿಸಲು ಹೋದ. ಬೆರಳು ಗಡಗಡ ನಡುಗಿ, ತಟ್ಟೆ ದಂಡದಿಂದ ಜಾರಿ ಬಿತ್ತು. ತಪ್ಪು ಮಾಡಿದವನ ಕೈ ನಡುಗದೆ ಇರುತ್ತದೆಯೇ ಎಂದುಕೊಂಡರು ಹಯವದನರು. ಕೆಲಸ ಕಳೆದುಕೊಂಡವರು ಬಂದೂಕು ಹಿಡಿದು ಆಫೀಸಿಗೆ ನುಗ್ಗಿದ ಸುದ್ದಿಗಳೆಲ್ಲ ಸಾಲಾಗಿ ನೆನಪಾದವು. ಇಂಥವನಿಗೆ ದಿನಾ ಸಾರು ಬಡಿಸಿದ್ದೇವೆ!

"ಈಗಲೇ ಮನೆ ಖಾಲಿ ಮಾಡು."

"ಅಂಕಲ್, ಸೋಮವಾರತನ..."

"ಪೊಲೀಸ್‌ಗೆ ಫೋನ್ ಮಾಡ್ಲಾ? ಆಮೇಲೆ ವೀಸಾ, ಇಂಟರ್‌ವ್ಯೂ ಎಲ್ಲಾ ಅಲ್ಲೇ ಮುಗಿಯತ್ತೆ."

ಹುಡುಗನ ಮುಖ ಬಿಳುಚಿಕೊಂಡಿತು. "ಆಂಟಿ ಬರೂತನ ಒಂದೀಟ ತಡೀರಿ. ನಾ ಮಾತು ಕೊಟ್ಟೀನಿ, ಏನೂ ಹೇಳಾಂಗಿಲ್ಲ."

"ಅವಳ ಹೆಸರೆತ್ತಬೇಡ. ಇರುವೆ ಕಂಡರೂ ದಾಟಿಕೊಂಡು ಹೋಗೋಳು ಅವಳು. ಇದನ್ನ ನೋಡಿದ್ರೆ ಮೂರು ದಿನ ಊಟ ಮಾಡಲ್ಲ."

ಅನಸೂಯ ಮನೆಯಲ್ಲಿರಲಿಲ್ಲ. ಶನಿವಾರ ಹತ್ತಿರದ ಊರು ಲಿವೋನಿಯಾದಲ್ಲಿ ಅವಳ ಯೋಗ. ಮ್ಯಾಟಿನ ಉದ್ದನೆಯ ಚೀಲ ಹೆಗಲಿಗೇರಿಸಿ ತಾನೇ ಡ್ರೈವ್ ಮಾಡಿಕೊಂಡು ಹೋಗುತ್ತಿದ್ದಳು. ಸೇರಿದಾಗಿನಿಂದ ಹುರುಪೇ ಬೇರೆ. ಆಸನ ಸುಲಭ ಕಣ್ರೀ, ಉಸಿರು ಕಟ್ಟಿ ಕದಲದೆ ಇರೋದೇ ಕಷ್ಟ ಅನ್ನುತ್ತಿದ್ದಳು. ಬರುವಷ್ಟರಲ್ಲಿ ಮನೆ ಶುದ್ಧವಾಗಿರಬೇಕೆಂದು ಹಯವದನರು ಹಟ ಹಿಡಿದರು. ಹುಣಸೆ ನೀರನ್ನು ಮೋರಿಗೆ ಚೆಲ್ಲಿದರು. ಮದ್ದಿನ ಡಬ್ಬಿ ಮುಟ್ಟಲು ಧೈರ್ಯ ಸಾಲಲಿಲ್ಲ. ತಕ್ಕಡಿಯನ್ನು ಮಾತ್ರ ಸತ್ತ ಇಲಿ ಹಿಡಿದಂತೆ ಎರಡು ಬೆರಳಲ್ಲಿ ಹಿಡಿದು, ಮುಖ ಆ ಕಡೆ ತಿರುಗಿಸಿಕೊಂಡು ಮೆಟ್ಟಿಲು ಹತ್ತಿ, ಗರಾಜಿನ ಕಸದ ಡಬ್ಬಿಗೆ ಎಸೆದರು. ಮೊಣಕಾಲು ನೋವು ಗೊತ್ತೇ ಆಗಲಿಲ್ಲ.

ಹೊರಗೆ ಹಿಮ ಬೀಳುತ್ತಿತ್ತು. ರಾಜಶೇಖರ ಸೂಟ್‌ಕೇಸು ಕಾರಿನ ಟ್ರಂಕಿಗೆ ಎತ್ತಿಟ್ಟ. ಇಂಟರ್‌ವ್ಯೂಗೆಂದು ಇಸ್ತ್ರಿ ಮಾಡಿದ ಶರ್ಟು ಹ್ಯಾಂಗರಿನಲ್ಲೇ ನೆನೆಯುತ್ತಿತ್ತು. ಎಲ್ಲಿಗೆ ಹೋಗುತ್ತೀಯ ಎಂದು ಕೇಳುವಷ್ಟೂ ಕನಿಕರ ಹಯವದನರಿಗೆ ಬರಲಿಲ್ಲ.

ಅಷ್ಟರಲ್ಲಿ ಅನಸೂಯಳ ಕಾರು ಡ್ರೈವ್‌ವೇಗೆ ತಿರುಗಿತು. ಅವಳು ಇಳಿಯುವ ಮೊದಲೇ ಹಯವದನರು ಎಲ್ಲವನ್ನೂ ಒದರಿದರು: ಗುಂಡು, ಮದ್ದು, ಅವಳ ಸೀರೆ, ಕೊನೆಗೆ ಕಸದ ಡಬ್ಬಿ. "ಒಂದು ಪಿಶಾಚಿ ತೊಲಗಿತು ಅಂದ್ಕೋ. ನೀನು ಒಳಗೆ ಹೋಗಿ ಸ್ನಾನ ಮಾಡು."

ಅನಸೂಯ ಕಾರಿನಿಂದ ಇಳಿದಳು. ಗರಾಜಿಗೆ ನಡೆದಳು, ಕಸದ ಡಬ್ಬಿಗೆ ಕೈ ಹಾಕಿದಳು. ಹಯವದನರು "ಅಯ್ಯೋ, ಮುಟ್ಟಬೇಡ" ಎಂದು ಕೂಗಿಕೊಂಡರು. ಅವಳು ತಕ್ಕಡಿಯನ್ನು ಹೊರತೆಗೆದು, ಶಾಲಿನ ಅಂಚಿನಿಂದ ಒರೆಸಿ, ಕಣ್ಣಿನ ಮಟ್ಟಕ್ಕೆ ಹಿಡಿದಳು. ಕೈ ಒಂದಿಷ್ಟೂ ಅಲುಗಲಿಲ್ಲ.

"ರಾಜು, ಸೂಟ್‌ಕೇಸ್ ಒಳಗಿಡಪ್ಪಾ," ಎಂದು, ಆಮೇಲೆ ಗಂಡನ ಕಡೆ ತಿರುಗಿದಳು. "ನಾಳೆ ಲಿವೋನಿಯಾ ರೈಫಲ್ ಕ್ಲಬ್ಬಲ್ಲಿ ನನ್ನ ಶೂಟಿಂಗ್ ಫೈನಲ್ಸ್, ಇನ್ನೂ ಅರ್ಧ ಗುಂಡಿಗೆ ಮದ್ದು ತುಂಬಿಲ್ಲ, ಇದನ್ನ ಮುಟ್ಟು ಅಂತ ನಿಮಗೆ ಯಾರ್ರೀ ಹೇಳಿದ್ದು?"