ಪೆಟ್ಟಿಗೆಯೊಳಗಿನ ಮಾವ

ಸಾಯುವವರು ಕಣ್ಣಿನ ಜೊತೆ ದನಿಯನ್ನೂ ದಾನ ಮಾಡುವುದು ಈಗೇನೂ ಹೊಸದಲ್ಲ. ಬಸ್ಸುಗಳಲ್ಲಿ ಸ್ಟಾಪಿನ ಹೆಸರು ಕೂಗುವವರೆಲ್ಲ ಸತ್ತವರೇ. ಹೊಸಪೇಟೆ ಲಾರಿ ಸ್ಟ್ಯಾಂಡಿನ ಕಾಂಡೋಮ್ ಪೆಟ್ಟಿಗೆಯಲ್ಲಿ ಡ್ರೈವರ್ ದುರುಗಪ್ಪ ಮಾತಾಡುತ್ತಾನೆ. ಎಚ್‌ಐವಿಯನ್ನು ನಾಚಿಕೆಯಿಂದ ಮುಚ್ಚಿಟ್ಟು ಸತ್ತವನು ಅವನು. ಕೊನೆಗಾಲದಲ್ಲಿ ಬಸುರಿ ಹೆಂಡತಿಗೆ ಬಾಯಿಬಿಟ್ಟು ಹೇಳಿದ. ಸೋಂಕು ಮಗುವಿಗೆ ದಾಟದಂತೆ ಅವಳು ಆಸ್ಪತ್ರೆಯ ಮಾತ್ರೆ ನುಂಗಿದಳು. ಮಗ ಹನುಮೇಶ ಸೋಂಕಿಲ್ಲದೆ ಹುಟ್ಟಿದ.

ಹನುಮೇಶನೂ ಈಗ ಡ್ರೈವರ್. ಅಪ್ಪನ ದನಿ ಕೇಳುವ ಆಸೆಗೆ ಸುಮ್ಮನೆ ಗುಂಡಿ ಒತ್ತಿ, ಬಿದ್ದ ಪಾಕೀಟುಗಳನ್ನು ಗೆಳೆಯರಿಗೆ ಹಂಚುತ್ತಿದ್ದ. ಒಂದು ದಿನ ಹೊಸದಾಗಿ ಮದುವೆಯಾದ ಹೆಂಡತಿ ಹುಲಿಗೆಮ್ಮನನ್ನೂ ಕರೆತಂದ.

"ಇಷ್ಟು ಗಂಡಸರ ನಡುವ ನನ್ನ ಯಾಕ ತಂದ್ರಿ?" ಎಂದಳು ಅವಳು.

"ನಮ್ಮಪ್ಪಗ ನಿನ್ನ ತೋರಸ್ಬೇಕಿತ್ತು."

ಗುಂಡಿ ಒತ್ತಿದ. ಪೆಟ್ಟಿಗೆ ಎಲ್ಲರಿಗೂ ಹೇಳುವುದನ್ನೇ ಹೇಳಿತು: "ನಾಚ್ಕೋಬ್ಯಾಡಪಾ ತಮ್ಮಾ. ನಾ ನಾಚ್ಕೊಂಡು ಹಾಳಾದೆ. ಇದನ್ನ ಬಳಸು, ರಕ್ತಪರೀಕ್ಷಾ ಮಾಡಿಸ್ಕೋ. ಮನಿಯವರು ಚಂದಿರ್ಲಿ."

ಹುಲಿಗೆಮ್ಮ ತಟ್ಟನೆ ತಲೆಯ ಮೇಲೆ ಸೆರಗು ಹೊದ್ದಳು. ಪಾಕೀಟಿಗೆ ಹನುಮೇಶ ಕೈ ಚಾಚಿದಾಗ ತಡೆದಳು.

"ಮಾವಾರು ಕೊಡೋದನ್ನ ನಾ ಇಸ್ಕೊಂತೀನಿ," ಎಂದು, ಉಡಿ ತುಂಬಿಸಿಕೊಳ್ಳುವವಳಂತೆ ಪೆಟ್ಟಿಗೆಯ ಮುಂದೆ ಸೆರಗೊಡ್ಡಿ ನಿಂತಳು.